ಕವಿತೆಯಲ್ಲಿ ಮಾತ್ರ ಕರೆಯುವ ತಾಯಿ

ಅಮೆರಿಕದ ಯೂಟಾ ರಾಜ್ಯದಲ್ಲಿ ಸಾಲ್ಟ್ ಲೇಕ್ ಸಿಟಿಯಿಂದ ಪ್ರೋವೊಗೆ ಹೋಗುವ ರೈಲು ಭಾನುವಾರ ಓಡುವುದಿಲ್ಲ. ಮೊದಲಿಗೇ ಇದನ್ನು ಹೇಳಿಬಿಡುತ್ತೇನೆ, ಏಕೆಂದರೆ ನಾನು ಇಳಿದುಕೊಂಡಿದ್ದ ಹೋಟೆಲಿನವರು "ಗಂಟೆಗೊಂದು ಇದೆ" ಎಂದು ನಗುನಗುತ್ತಾ ಹೇಳಿ ಕಳಿಸಿದ್ದರು. ಜುಲೈ ತಿಂಗಳ ಬಿಸಿಲಿನಲ್ಲಿ, ನರಪಿಳ್ಳೆಯೂ ಇಲ್ಲದ ನಿಲ್ದಾಣದಲ್ಲಿ ಒಂದು ಗಂಟೆ ಕಾದೆ. ಯೂಟಾ ಕಡೆ ಹೋಗುವವರು ಭಾನುವಾರದ ವಾಹನವನ್ನು ಶನಿವಾರವೇ ಗೊತ್ತುಮಾಡಿಕೊಳ್ಳಿ, ಊಟಕ್ಕೂ ಏನಾದರೂ ಕೊಂಡಿಟ್ಟುಕೊಳ್ಳಿ. ಅಲ್ಲಿ ಹೆಚ್ಚಾಗಿರುವ ಕ್ರೈಸ್ತ ಪಂಗಡದವರಾದ ಮಾರ್ಮನ್ನರು ಆ ದಿನವನ್ನು ದೇವರಿಗೂ ಮನೆಯವರಿಗೂ ಮೀಸಲಿಡುತ್ತಾರೆ. ಪ್ರೋವೊದಲ್ಲಂತೂ ಎಷ್ಟೋ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ಕೊನೆಗೆ ಲೀಹೈನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿ ಕಾರು ತಂದಳು. "ಅಕ್ಕಾ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ?" ಎಂದಳು.

ಅದಕ್ಕೆ ಮೊದಲಿನ ನಾಲ್ಕು ದಿನ ಕೆಂಪು ಬಂಡೆ, ಕಲ್ಲಿನ ಕಮಾನು, ಉಪ್ಪಿನ ಸರೋವರ ಎಲ್ಲವನ್ನೂ ನೋಡಿದ್ದೆ. ಚೆನ್ನಾಗಿದ್ದವು. ಪುಸ್ತಕದಂಗಡಿಗಳಿಗೂ ಹೋಗಿದ್ದೆ. ಹೊಳೆಯುವ ಮುಖಪುಟದ ಭಕ್ತಿ ಕಾದಂಬರಿಗಳಲ್ಲಿ ಎರಡನ್ನು ಹೋಟೆಲಿಗೆ ತಂದು ಓದಿದೆ. ಎಲ್ಲರ ಸಂಶಯವೂ ಕೊನೆಯ ಅಧ್ಯಾಯದೊಳಗೆ ತೀರಿಹೋಗುವ ಕಥೆಗಳು ನನಗೆ ರುಚಿಸುವುದಿಲ್ಲ. ಇದೇ ಸಮುದಾಯದ ಬ್ರಾಂಡನ್ ಸ್ಯಾಂಡರ್ಸನ್ 2022ರಲ್ಲಿ ತಮ್ಮ ನಾಲ್ಕು ಕಾದಂಬರಿಗಳಿಗಾಗಿ ಓದುಗರಿಂದಲೇ ನಾಲ್ಕು ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. ನಾನು ಹುಡುಕುತ್ತಿದ್ದುದು ಅಂಥ ದೊಡ್ಡ ಹೆಸರುಗಳನ್ನಲ್ಲ. 1966ರಲ್ಲಿ ಆರಂಭವಾದ 'ಡಯಲಾಗ್', 1974ರಲ್ಲಿ ಬಾಸ್ಟನ್ ಸುತ್ತಮುತ್ತಲಿನ ಹೆಂಗಸರು ಕೂಡಿ ಹೊರಡಿಸಿದ 'ಎಕ್ಸ್‌ಪೊನೆಂಟ್ ಟು' ಇಂಥ ಮಾರ್ಮನ್ ಪತ್ರಿಕೆಗಳಿಗೆ ಬರೆಯುವವರನ್ನು ನೋಡಬೇಕಿತ್ತು. ತಂಗಿಯ ನೆರೆಮನೆಯ ನಿವೃತ್ತ ಶಿಕ್ಷಕಿ, ಪ್ರೋವೊದಲ್ಲಿ ಗೆಳತಿಯ ಮನೆಯಲ್ಲಿ ಕವಿತೆ ಓದುವ ಕೂಟವಿದೆ ಎಂದು ಕರೆದಿದ್ದರು.

ಹನ್ನೆರಡು ಜನ ಇದ್ದರು. ಪಿಯಾನೊದ ಪಕ್ಕ ಮಡಿಸುವ ಕುರ್ಚಿಗಳು, ಬಿಸಿ ಬ್ರೆಡ್, ಮನೆಯಲ್ಲೇ ಮಾಡಿದ ಜಾಮ್. ಚಹಾ, ಕಾಫಿ ಅವರ ಧರ್ಮದಲ್ಲಿ ನಿಷಿದ್ಧ. ನನಗೆ ಪುದೀನದ ಕಷಾಯ ಕೊಟ್ಟರು. ಓದಿದ ಮೊದಲ ಕವಿತೆಯೇ ಸ್ವರ್ಗದ ತಾಯಿಯ ಮೇಲೆ. ಕ್ರೈಸ್ತರ ಮನೆಯಲ್ಲಿ ತಾಯಿ ಎಂದರೆ ಮೇರಿ ಎಂದುಕೊಂಡೆ. ಶಿಕ್ಷಕಿ ನನ್ನ ಕಡೆ ಬಾಗಿ, "ಮೇರಿ ಅಲ್ಲ. ದೇವರ ಜೊತೆಗಾತಿ. ನಮ್ಮೆಲ್ಲರ ಆತ್ಮಗಳ ತಾಯಿ" ಎಂದು ಪಿಸುಗುಟ್ಟಿದರು. ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಓದು ಮುಗಿದ ಮೇಲೆ ಅವರನ್ನು ಬಿಡಲಿಲ್ಲ. ಎಲೈಜಾ ಸ್ನೋ ಎಂಬ ಕವಯಿತ್ರಿ 1845ರಲ್ಲೇ ಆ ತಾಯಿ ಇದ್ದಾಳೆಂದು ಕವಿತೆಯಲ್ಲಿ ಬರೆದರಂತೆ. ಅದು ಇಂದಿಗೂ ಚರ್ಚಿನಲ್ಲಿ ಹಾಡುವ ಗೀತೆ.

"ಹಾಗಾದರೆ ಆಕೆಗೆ ಪ್ರಾರ್ಥನೆ ಮಾಡುತ್ತೀರಾ?"

"ಇಲ್ಲ. ಪ್ರಾರ್ಥನೆ ತಂದೆಗೆ ಮಾತ್ರ. 1991ರಲ್ಲಿ ನಮ್ಮ ಚರ್ಚಿನ ಹಿರಿಯ ನಾಯಕ ಹಿಂಕ್ಲಿಯವರು ಅದನ್ನು ಸ್ಪಷ್ಟವಾಗಿಯೇ ಹೇಳಿದರು. ಆಕೆ ಇದ್ದಾಳೆಂದು ನಂಬಬಹುದು. ಮಾತನಾಡಿಸುವಂತಿಲ್ಲ."

"ಈಗ ಇಲ್ಲಿ ಓದಿದ್ದು?"

ಅವರು ಮೇಜಿನ ಮೇಲಿದ್ದ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಟ್ಟು ಮಾಡಿದರು. "ಕವಿತೆ ಪ್ರಾರ್ಥನೆಯಲ್ಲ ಎಂದುಕೊಂಡು ಬರೆಯುತ್ತೇನೆ" ಎಂದರು.

ಐದು ಮಕ್ಕಳನ್ನು ಸಾಕುತ್ತಾ ಬೆಳಗಿನ ಜಾವ ಬರೆದು, ಅಡುಗೆಮನೆಯ ಡ್ರಾಯರಿನಲ್ಲಿ ಮುಚ್ಚಿಟ್ಟ ಕವಿತೆಗಳು ಅವರವು. ತಾನೊಬ್ಬಳೇ ಹೀಗೆ ಎಂದುಕೊಂಡಿದ್ದರಂತೆ. ಕ್ಯಾರಲ್ ಲಿನ್ ಪಿಯರ್ಸನ್ ಎಂಬ ಕವಯಿತ್ರಿ ಹದಿನಾರು ಹೆಂಗಸರ ಪಾತ್ರಗಳನ್ನು ಒಬ್ಬರೇ ಅಭಿನಯಿಸುತ್ತಾ ಕಳೆದುಹೋದ ಆ ತಾಯಿಯನ್ನು ಹುಡುಕುವ ನಾಟಕವನ್ನು ನೋಡಿ ಬಂದ ರಾತ್ರಿ ಡ್ರಾಯರ್ ತೆಗೆದರು. 2018ರಲ್ಲಿ ಈ ತಾಯಿಯ ಮೇಲಿನ ಕವಿತೆಗಳದೇ ಒಂದು ಸಂಕಲನ ಬಂದಾಗ ಅದರ ಪ್ರತಿಗಳನ್ನು ಕೊಂಡು ಹೆಣ್ಣುಮಕ್ಕಳಿಗೆ ಹಂಚಿದರು. ಈ ಸಾಹಿತ್ಯ ಹೀಗೇ ಬದುಕಿದೆ: ಚಂದಾ ಕಟ್ಟುವವರು, ಸಂಬಳವಿಲ್ಲದೆ ಕರಡು ತಿದ್ದುವವರು, ಕುರ್ಚಿ ಹಾಕಿ ಬ್ರೆಡ್ ಸುಡುವವರು. 'ಮಾರ್ಮನ್' ಎಂಬ ಅಡ್ಡಹೆಸರು ಬೇಡವೆಂದು 2018ರಲ್ಲಿ ಚರ್ಚಿನ ಅಧ್ಯಕ್ಷರು ಹೇಳಿದರೂ 1976ರಲ್ಲಿ ಹುಟ್ಟಿದ ಲೇಖಕರ ಸಂಘ ಆ ಹೆಸರನ್ನು ಬಿಟ್ಟಿಲ್ಲ.

ಬೆಲೆ ತೆತ್ತವರೂ ಇದ್ದಾರೆ. ಲೇಖಕಿ ಲವೀನಾ ಫೀಲ್ಡಿಂಗ್ ಆಂಡರ್ಸನ್ ಅವರ ಹೆಸರು ಬಂದಾಗ ಕೋಣೆ ಸುಮ್ಮನಾಯಿತು. ಚರ್ಚಿಗೂ ಅದರ ಚಿಂತಕರಿಗೂ ನಡೆದ ಘರ್ಷಣೆಗಳನ್ನು ದಾಖಲಿಸಿ ಬರೆದ ಲೇಖನಕ್ಕಾಗಿ 1993ರಲ್ಲಿ ಅವರನ್ನು ಚರ್ಚಿನಿಂದ ಹೊರಹಾಕಲಾಯಿತು. ಮುಂದಿನ ಭಾನುವಾರಗಳಲ್ಲೂ ಅವರು ಅದೇ ಚರ್ಚಿಗೆ ಹೋಗಿ ಕುಳಿತರು, ಪ್ರಸಾದದ ರೊಟ್ಟಿ ಮುಟ್ಟದೆ, 2023ರಲ್ಲಿ ಸಾಯುವವರೆಗೂ. ಮೂವತ್ತು ವರ್ಷ! ಅವರನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಇದನ್ನು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆ ಕೋಣೆಯಲ್ಲಿದ್ದವರು ಯಾರೂ ಸಿಟ್ಟಿನಿಂದ ಮಾತಾಡಲಿಲ್ಲ. ಒಬ್ಬರು ಕಣ್ಣೊರೆಸಿಕೊಂಡರು, ಅಷ್ಟೆ.

ಬೆಂಗಳೂರಿನಲ್ಲೂ ಅವರ ಮಂದಿರವೊಂದು 2018ರಲ್ಲಿ ಘೋಷಣೆಯಾಗಿದೆಯಂತೆ. ನಾನು ಅದೇ ಊರಿನವಳೆಂದು ಗೊತ್ತಾದಾಗ ಶಿಕ್ಷಕಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ನಿಮ್ಮಲ್ಲಿ ತಾಯಿಯನ್ನು ಕರೆಯಲು ಯಾರನ್ನಾದರೂ ಕೇಳಬೇಕೇ?"

ಯಾರನ್ನು ಕೇಳುವುದು? ಊರಿಗೊಬ್ಬಳು ಅಮ್ಮ ಇದ್ದಾಳೆ ಎಂದೆ. ಅಣ್ಣಮ್ಮ, ಯಲ್ಲಮ್ಮ, ಮಾರಿಕಾಂಬೆ ಎಂದು ಹೆಸರು ಹೇಳಿದೆ. ನನ್ನ ಅಜ್ಜಿಯ ನೆನಪಾಯಿತು. ಮಳೆ ಕೈಕೊಟ್ಟ ವರ್ಷ ಅವಳು ಮಾರಮ್ಮನ ಗುಡಿಯ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, "ಕಣ್ಣಿಲ್ಲವೇನೇ ನಿನಗೆ?" ಎಂದು ಕೂಗಿದ್ದಳು.

"ಬೈದರೇ? ತಾಯಿಯನ್ನು?"

"ಬೈದಳು. ಮಾರನೆಯ ದಿನ ತಂಬಿಟ್ಟು ಮಾಡಿಕೊಂಡು ಹೋದಳು."

ಶಿಕ್ಷಕಿ ನಗಲಿಲ್ಲ. ಪಕ್ಕದವರಿಗೆ ಹೇಳಿದರು, ಅವರು ಆಚೆಯವರಿಗೆ ಹೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಶಿಕ್ಷಕಿ ಚೀಲದಿಂದ ದಿನಚರಿ ತೆಗೆದರು. ದಿನಚರಿ ಬರೆಯುವುದು ಆ ಜನರಲ್ಲಿ ತಲೆತಲಾಂತರದಿಂದ ಬಂದ ರೂಢಿ. ಹೊಸ ಪುಟ ತೆರೆದು ನನ್ನ ಮುಂದಿಟ್ಟು, "ನಿಮ್ಮ ಅಜ್ಜಿ ಅಂದದ್ದನ್ನು ನಿಮ್ಮ ಲಿಪಿಯಲ್ಲೇ ಬರೆಯಿರಿ" ಎಂದರು. ಬರೆದೆ. ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬರೆದೆ. ಅವರು ಪಕ್ಕದಲ್ಲಿ ತಾರೀಖು ಹಾಕಿ, ಅಜ್ಜಿಯ ಹೆಸರು ಕೇಳಿದರು.