ಅಂಬ್ರೆಲ್ಲಾ ಗಿಡವನ್ನು ಕತ್ತರಿಸುತ್ತಲೇ ಇದ್ದರೂ ಕಾಂಡ ಯಾಕೆ ದಪ್ಪವಾಗುವುದಿಲ್ಲ?

ಮನೆಗೆ ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವ ಪ್ರಶ್ನೆಯೊಂದಿದೆ: "ನಮ್ಮ ಮನೆಯಲ್ಲಿರುವುದೂ ಇದೇ ಗಿಡ, ನಾವೂ ಕತ್ತರಿಸುತ್ತಲೇ ಇರುತ್ತೇವೆ. ಆದರೂ ಅದು ಕೋಲಿನ ಹಾಗೆ ನೀಳವಾಗಿದೆ, ನಿಮ್ಮದು ಪುಟ್ಟ ಆಲದ ಮರದ ಹಾಗಿದೆ. ಏನು ಮಾಡುತ್ತೀರಿ?" ನಿಜ ಹೇಳಬೇಕೆಂದರೆ, ಕಿಟಕಿಯ ಬಳಿ ಇಂದು ಬೋನ್ಸಾಯ್ ಆಗಿ, ಅಂದರೆ ಕುಂಡದಲ್ಲೇ ಬೆಳೆಸಿದ ಪುಟ್ಟ ಮರವಾಗಿ, ಹದಿನಾರು ಅಂಗುಲ ಎತ್ತರಕ್ಕೆ ನಿಂತಿರುವ ಈ ಗಿಡವನ್ನು ಮೊದಲ ಮೂರು ವರ್ಷ ನಾನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ.

ಮೊದಲು ಗಿಡ ಯಾವುದೆಂದು ತಿಳಿಸಿಬಿಡುತ್ತೇನೆ. ಅಂಬ್ರೆಲ್ಲಾ ಎಂಬ ಹೆಸರಿನಲ್ಲಿ ಎರಡು ಗಿಡಗಳು ಸಿಗುತ್ತವೆ. ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ದೊಡ್ಡ ಎಲೆಯ ಜಾತಿ ಬೋನ್ಸಾಯ್‌ಗೆ ಹೊಂದುವುದಿಲ್ಲ. ತೈವಾನ್ ಮತ್ತು ಹೈನಾನ್ ದ್ವೀಪಗಳ ಮೂಲದ ಚಿಕ್ಕ ಎಲೆಯ ಶೆಫ್ಲೆರಾ ಆರ್ಬೊರಿಕೋಲ ಜಾತಿಯೇ ನಮಗೆ ಬೇಕಾದದ್ದು. 2020ರಲ್ಲಿ ಸಸ್ಯವಿಜ್ಞಾನಿಗಳು ಇದನ್ನು ಹೆಪ್ಟಾಪ್ಲೂರಮ್ ಕುಲಕ್ಕೆ ಸೇರಿಸಿದರೂ ನರ್ಸರಿಯವರ ಬಾಯಲ್ಲಿ ಇನ್ನೂ ಹಳೆಯ ಹೆಸರೇ ಇದೆ. ಜಪಾನಿನ ಪೈನ್, ಜೂನಿಪರ್‌ಗಳಿಗೆ ಚಳಿಗಾಲದ ವಿಶ್ರಾಂತಿ ಬೇಕು, ಆದ್ದರಿಂದ ಅವು ಮನೆಯೊಳಗೆ ಸೊರಗುತ್ತವೆ. ಉಷ್ಣವಲಯದ ಈ ಗಿಡಕ್ಕೆ ಅಂಥ ಬೇಡಿಕೆಯಿಲ್ಲ. ಹವಾಯಿಯ ಬೆಳೆಗಾರ ಡೇವಿಡ್ ಫುಕುಮೊಟೊ ಇದರ ಬೇರುಗಳು ಲಾವಾ ಕಲ್ಲನ್ನು ತಬ್ಬಿಕೊಳ್ಳುವಂತೆ ಬೆಳೆಸಿ, ಮನೆಯೊಳಗಿನ ಬೋನ್ಸಾಯ್ ಎಂದೇ ಇದನ್ನು ಪ್ರಚಾರಕ್ಕೆ ತಂದರು.

ಇನ್ನು ಕಾಂಡದ ವಿಷಯ. ಕಾಂಡಕ್ಕೆ ದಪ್ಪ ಬರುವುದು ಮೇಲಿನ ಎಲೆಗಳು ತಯಾರಿಸುವ ಆಹಾರದಿಂದ. ತಿಂಗಳಿಗೊಮ್ಮೆ ತುದಿ ಚಿವುಟುತ್ತಾ ಹೋದರೆ ಎಲೆಗಳ ಸಂಖ್ಯೆ ಹೆಚ್ಚುವುದೇ ಇಲ್ಲ, ಕಾಂಡವೂ ಪೆನ್ಸಿಲ್ ಗಾತ್ರದಲ್ಲೇ ಉಳಿಯುತ್ತದೆ. ಅದರ ಮೇಲೆ ಬೆಳಕೂ ಕಡಿಮೆಯಾದರೆ ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚಿ ಗಿಡ ನೀಳವಾಗುತ್ತದೆ. ನೆರಳಿನಲ್ಲೂ ಬದುಕುವ ಗಿಡವೆಂದು ಇದನ್ನು ಮಾರುತ್ತಾರೆ. ಬದುಕುತ್ತದೆ, ಸುಳ್ಳಲ್ಲ, ಆದರೆ ಸೋಫಾದ ಹಿಂದಿನ ಮೂಲೆಯಲ್ಲಿ ಬೋನ್ಸಾಯ್ ಆಗುವುದಿಲ್ಲ. ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಪೂರ್ವದ ಕಿಟಕಿಯ ಬಿಸಿಲು ಬೆಳಿಗ್ಗೆ ಎರಡು ಗಂಟೆ ಎಲೆಗಳ ಮೇಲೆ ಬೀಳುತ್ತದೆ, ಉಳಿದ ಹೊತ್ತು ಬರಿಯ ಬೆಳಕು. ಆ ಮೂರು ವರ್ಷ ಗಿಡವನ್ನು ದೊಡ್ಡ ಕುಂಡದಲ್ಲೇ ಬಿಟ್ಟಿದ್ದೆ; ನನ್ನ ಎದೆಯ ಮಟ್ಟಕ್ಕೆ ಬಂದು, ನೋಡಲು ಯಾವ ಅಂದವೂ ಇರಲಿಲ್ಲ.

ಬುಡ ಎರಡು ಬೆರಳಿನಷ್ಟಾದ ಮೇಲೆ, ಮುಂಗಾರು ಶುರುವಾಗುವ ಹೊತ್ತಿಗೆ, ಮಣ್ಣಿನಿಂದ ಆರು ಅಂಗುಲ ಮೇಲಕ್ಕೆ ಒಂದೇ ಏಟಿಗೆ ಕತ್ತರಿಸಿದೆ. ಮನೆಯವರು ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಎಲೆ ಉದುರಿದ ಜಾಗದಲ್ಲಿ ಕಾಂಡವನ್ನು ಬಳಸಿ ಉಂಗುರದಂತಹ ಗುರುತು ಇರುತ್ತದೆ, ಅದೇ ಗೆಣ್ಣು. ಅದಕ್ಕಿಂತ ಅರ್ಧ ಅಂಗುಲ ಮೇಲೆ ಕತ್ತರಿಸಬೇಕು, ಏಕೆಂದರೆ ತುಂಡಾದ ತುದಿ ಗೆಣ್ಣಿನವರೆಗೆ ಒಣಗುತ್ತಾ ಬರುತ್ತದೆ. ಆ ಒಣ ತುದಿಯನ್ನು ಮುಂದೆ ಸವರಿಕೊಂಡರಾಯಿತು. ಒಂದೂ ಎಲೆಯಿಲ್ಲದ ಆ ಮೋಟಿನಲ್ಲಿ ಕೆಲವು ವಾರಗಳ ನಂತರ ಹಸಿರು ಗುಂಡುಸೂಜಿಯ ತಲೆಯಷ್ಟು ಮೂರು ಮೊಗ್ಗುಗಳು ಕಾಣಿಸಿದವು. ಎರಡನ್ನು ಉಳಿಸಿಕೊಂಡು ಒಂದನ್ನು ತೆಗೆದೆ. ಪ್ರತಿ ಚಿಗುರೂ ನಾಲ್ಕೈದು ಎಲೆ ಬಿಟ್ಟ ಮೇಲೆ ಒಂದೆರಡು ಗೆಣ್ಣಿಗೆ ಮೊಟಕುಗೊಳಿಸುತ್ತಾ ಬಂದರೆ ಕವಲಿಗೆ ಕವಲು ಹುಟ್ಟುತ್ತದೆ. ತಂತಿ ಸುತ್ತಿ ಬಗ್ಗಿಸುವ ಕ್ರಮ ಇದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಎಳೆಯ ರೆಂಬೆ ತಂತಿ ಬಿಚ್ಚಿದೊಡನೆ ಹಿಂದಕ್ಕೆ ಸರಿಯುತ್ತದೆ, ಬಲಿತದ್ದು ಲಟಕ್ಕನೆ ಮುರಿಯುತ್ತದೆ. ಯಾವ ದಿಕ್ಕಿಗೆ ರೆಂಬೆ ಬೇಕೋ ಆ ದಿಕ್ಕಿನ ಗೆಣ್ಣಿನ ಮೇಲೆ ಕತ್ತರಿಸುವುದೇ ಇದನ್ನು ತಿರುಗಿಸುವ ಉಪಾಯ.

ಎಲೆ ಚಿಕ್ಕದಾಗಬೇಕೆಂದರೆ ತೊಟ್ಟನ್ನು ಉಳಿಸಿ ಎಲೆಯನ್ನಷ್ಟೇ ಕತ್ತರಿಸುತ್ತಾರೆ. ತೊಟ್ಟು ಹಳದಿಯಾಗಿ ತಾನೇ ಉದುರುತ್ತದೆ, ನಂತರ ಬರುವ ಎಲೆಗಳು ಒಳ್ಳೆಯ ಬೆಳಕಿದ್ದರೆ ಸಣ್ಣದಾಗಿರುತ್ತವೆ. ಇಲ್ಲಿ ನಾನೊಂದು ಗಿಡವನ್ನು ಕಳೆದುಕೊಂಡೆ. ಮಂಕು ಬೆಳಕಿನಲ್ಲಿ ಮೊದಲೇ ಸೊರಗಿದ್ದ ಗಿಡದ ಎಲೆಗಳನ್ನೆಲ್ಲ ತೆಗೆದು, ಕರುಣೆಯಿಂದ ಎಂದಿನಂತೆ ದಿನವೂ ನೀರು ಹಾಕಿದೆ. ಎಲೆಯಿಲ್ಲದ ಗಿಡ ನೀರು ಕುಡಿಯುವುದು ತೀರಾ ಕಡಿಮೆಯೆಂಬುದು ಹೊಳೆದದ್ದು, ಕಾಂಡವನ್ನು ಹಿಡಿದಾಗ ಬುಡ ಮೆತ್ತಗಾಗಿ ಬೆರಳಿಗೆ ಕೊಳೆತ ವಾಸನೆ ಅಂಟಿದಾಗ. ಈಗ ಬೆರಳನ್ನು ಒಂದು ಅಂಗುಲ ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಕುಂಡದ ತಳದಿಂದ ಸುರಿಯುವಷ್ಟು ನೀರು ಕೊಡುತ್ತೇನೆ. ಮಣ್ಣೆಂದರೂ ಅರ್ಧಕ್ಕಿಂತ ಹೆಚ್ಚು ಜರಡಿ ಹಿಡಿದ ಇಟ್ಟಿಗೆ ಚೂರು, ಉಳಿದದ್ದು ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ.

ಎಲ್ಲರ ಕಣ್ಣು ಹೋಗುವ ಬಿಳಲುಗಳು ತೇವದ ಗಾಳಿಯ ಕೊಡುಗೆ. ಕರಾವಳಿಯವರಿಗೆ ಮಳೆಗಾಲದಲ್ಲಿ ಇದು ಸುಲಭ. ಒಣ ಹವೆಯ ನಮ್ಮಲ್ಲಿ ಹೊರಬಂದ ಬಿಳಲು ಮಣ್ಣು ಮುಟ್ಟುವ ಮೊದಲೇ ಮುರುಟುತ್ತದೆ. ಎಳನೀರಿನ ಗಾಡಿಯಿಂದ ತಂದ ಸ್ಟ್ರಾವನ್ನು ಉದ್ದಕ್ಕೆ ಸೀಳಿ, ಒದ್ದೆ ಪಾಚಿ ತುಂಬಿ, ಬಿಳಲಿನ ತುದಿಯನ್ನು ಅದರೊಳಗೆ ಸೇರಿಸಿ ಮಣ್ಣಿಗೆ ಊರುತ್ತೇನೆ. ಬೇರು ನೆಲ ಹಿಡಿದ ಮೇಲೆ ಸ್ಟ್ರಾ ತೆಗೆದರೆ ದಾರದಷ್ಟು ಸಣ್ಣ ಬೇರು ಕಾಣುತ್ತದೆ, ಬರಬರುತ್ತಾ ಅದು ದಪ್ಪವಾಗುತ್ತದೆ.

ಗಿಡ ಕೊಳ್ಳಲು ಹೊರಟವರಿಗೆ ಒಂದು ಮಾತು. ಪೊದೆಯಂತೆ ಕಾಣಲೆಂದು ನರ್ಸರಿಯವರು ಒಂದೇ ಕುಂಡದಲ್ಲಿ ಮೂರು ನಾಲ್ಕು ಸಸಿಗಳನ್ನು ನೆಟ್ಟಿರುತ್ತಾರೆ. ಮಣ್ಣು ಸರಿಸಿ ಬುಡ ಎಷ್ಟಿವೆಯೆಂದು ಎಣಿಸಿ, ಅತ್ಯಂತ ದಪ್ಪ ಬುಡವಿರುವ ಕುಂಡವನ್ನು ಆರಿಸಿಕೊಳ್ಳಿ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಅವಕ್ಕೆ ಎಟುಕದ ಕಡೆ ಇಡಿ. ಎಲೆ ಅಗಿದರೆ ಅವುಗಳ ಬಾಯಿ ಉರಿದು ಜೊಲ್ಲು ಸುರಿಯುತ್ತದೆ.