‘ಬೇಕು’ ಅಂತ ಬರೆದಿದ್ದು ಯಾಕೆ ನಿಲ್ಲಲಿಲ್ಲ

ನನ್ನ ಹತ್ತಿರ 200 ಪುಟದ ಒಂದು ನೋಟ್‌ಬುಕ್ ಇದೆ. 2017ರಿಂದ ಓದಿದ ಪುಸ್ತಕ, ಕೇಳಿದ ಭಾಷಣ, ನೋಡಿದ ವಿಡಿಯೋ, ಎಲ್ಲದರಲ್ಲೂ ಮನಸ್ಸಿಗೆ ಹಿಡಿಸಿದ ಮಾತನ್ನು ಅದರಲ್ಲಿ ಬರೆದಿಟ್ಟುಕೊಂಡಿದ್ದೇನೆ. ಕಳೆದ ತಿಂಗಳು ಜೋರು ಮಳೆ ಹಿಡಿದ ಒಂದು ಭಾನುವಾರ ಕೂತು ಮೊದಲಿಂದ ಓದಿದೆ. ಬೆಳಗ್ಗೆ ಐದಕ್ಕೆ ಏಳಬೇಕು. ದಿನಾ ವ್ಯಾಯಾಮ ಮಾಡಬೇಕು. ಮೊಬೈಲ್ ನೋಡೋದು ಕಡಿಮೆ ಮಾಡಬೇಕು. ಖರ್ಚು ಬರೆದಿಡಬೇಕು. ಪುಟ ತಿರುಗಿಸಿದಷ್ಟೂ ಬೇಕು, ಬೇಕು, ಬೇಕು. ಅಷ್ಟರಲ್ಲಿ ಇವತ್ತಿಗೂ ನನ್ನ ಜೊತೆ ಇರೋದು ಎರಡೇ. ರಾತ್ರಿ ಊಟದ ನಂತರದ ನಡಿಗೆ, ಮತ್ತೆ ಖರ್ಚಿನ ಲೆಕ್ಕ.

ನಡಿಗೆಯ ಕಥೆ ಮೊದಲು ಹೇಳ್ತೀನಿ. 2022ರಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.1 ಬಂತು. ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ ಅದು. 5.7ರಿಂದ 6.4ರೊಳಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ, 6.5 ಮುಟ್ಟಿದರೆ ಒಳಗೇ ಬಂದ ಹಾಗೆ. ಅಪ್ಪನಿಗೂ ಸಕ್ಕರೆ ಕಾಯಿಲೆ ಇತ್ತು, ಅವರ ಕಾಲಿನ ಗಾಯ ತಿಂಗಳಾದರೂ ಮಾಯದೆ ಇದ್ದಿದ್ದನ್ನು ನೋಡಿದವನು ನಾನು. ಭಯ ಆಯಿತು. ಮರುದಿನವೇ ಹೊಸ ಶೂ ತಂದೆ, ಬೆಳಗ್ಗೆ ಐದೂವರೆಗೆ ಅಲಾರಂ ಇಟ್ಟೆ, 21 ದಿನ ತಪ್ಪದೆ ಮಾಡಿದರೆ ಅಭ್ಯಾಸ ತಾನಾಗಿ ಅಂಟಿಕೊಳ್ಳುತ್ತೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕುತ್ತಾ ಹೋದೆ. ಹನ್ನೊಂದು ಗುರುತು ಬಿದ್ದವು. ಹನ್ನೆರಡನೇ ದಿನ ನೆಂಟರ ಮನೆ ಮದುವೆ, ರಾತ್ರಿ ಬಂದಿದ್ದೇ ಒಂದು ಗಂಟೆಗೆ. ತಪ್ಪಿತು. ತಪ್ಪಿದ ಮೇಲೆ ಮತ್ತೆ ಒಂದರಿಂದ ಎಣಿಸಬೇಕಲ್ಲ ಅನ್ನೋ ಬೇಜಾರಿಗೆ ಅದರ ಮರುದಿನವೂ ಏಳಲಿಲ್ಲ. ಅಲ್ಲಿಗೆ ಮುಗಿಯಿತು.

ಈ 21 ದಿನದ ಮಾತು ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ ಹರಡಿದ್ದಂತೆ. ಆಪರೇಷನ್ ಆದವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗೋದಕ್ಕೆ ಕಡಿಮೆ ಅಂದರೂ 21 ದಿನ ಬೇಕಾಗುತ್ತೆ ಅಂತ ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕಡಿಮೆ ಅಂದರೂ’ ಅನ್ನೋದು ಉದುರಿ ಹೋಗಿದೆ. ಮುಖದ ವಿಷಯ ಹೋಗಿ ವಾಕಿಂಗ್ ಬಂದಿದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು ಇದನ್ನೇ 96 ಜನರ ಮೇಲೆ 84 ದಿನ ನೋಡಿದ್ದಾರೆ. ಒಬ್ಬೊಬ್ಬರೂ ಒಂದೊಂದು ಹೊಸ ಕೆಲಸ ಆರಿಸಿಕೊಂಡರು. ಅದು ಯೋಚಿಸದೆ ಆಗುವ ಮಟ್ಟಕ್ಕೆ ಬರೋದಕ್ಕೆ ಸರಾಸರಿ 66 ದಿನ ಬೇಕಾಯಿತು. ಆದರೆ ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನ ಬೇಕು ಅಂತ ಲೆಕ್ಕ ಬಂತು. ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಹತ್ತುತ್ತೆ, ವ್ಯಾಯಾಮ ತಡ. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿದ್ದ ಮಾತೂ ಅದರಲ್ಲೇ ಇತ್ತು. ಮಧ್ಯೆ ಒಂದು ದಿನ ತಪ್ಪಿದರೆ ಅಂಥ ನಷ್ಟ ಏನೂ ಇಲ್ಲ. ಹನ್ನೆರಡನೇ ದಿನ ನನಗೆ ಯಾರಾದರೂ ಇದನ್ನು ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಇನ್ನೊಂದು ಬದಲಾವಣೆ ನೋಟ್‌ಬುಕ್ಕಿನ ವಾಕ್ಯದಲ್ಲೇ ಆಯಿತು. ‘ದಿನಾ ವಾಕಿಂಗ್ ಮಾಡಬೇಕು’ ಅನ್ನೋ ವಾಕ್ಯಕ್ಕೆ ಹೊತ್ತಿಲ್ಲ, ಜಾಗವಿಲ್ಲ. ಅದನ್ನು ಹೊಡೆದು ಹೀಗೆ ಬರೆದೆ: ‘ರಾತ್ರಿ ಊಟದ ತಟ್ಟೆ ತೊಳೆದು ಬೋರಲು ಹಾಕಿದ ಕೂಡಲೇ ಚಪ್ಪಲಿ ಮೆಟ್ಟಿ ಗೇಟು ದಾಟ್ತೀನಿ.’ ಶೂ ಕೂಡ ಬೇಡ, ಲೇಸು ಕಟ್ಟೋದೇ ಒಂದು ನೆಪ ಆಗುತ್ತೆ. ಬೀದಿ ಕೊನೆಯ ಅರಳಿಕಟ್ಟೆವರೆಗೆ ಹೋಗಿ ವಾಪಸ್, ಮೊದಲ ತಿಂಗಳು ಅಷ್ಟೇ. ತಟ್ಟೆ ದಿನಾ ತೊಳೆಯಲೇಬೇಕು, ಆದ್ದರಿಂದ ನಡಿಗೆಯನ್ನು ನೆನಪು ಮಾಡಿಕೊಳ್ಳುವ ಕೆಲಸವೇ ಇಲ್ಲ. ಒದ್ದೆ ಕೈ ಒರೆಸಿಕೊಳ್ಳುತ್ತಿರುವಾಗಲೇ ಕಾಲು ಬಾಗಿಲ ಕಡೆ ಹೋಗಿರುತ್ತೆ ಈಗ.

ನಮ್ಮದು ತೀರ್ಥಹಳ್ಳಿ. ಜೂನಿನಲ್ಲಿ ಮಳೆ ಹಿಡಿದರೆ ಕೊಡೆ ಇದ್ದರೂ ಅರಳಿಕಟ್ಟೆ ಮುಟ್ಟೋದು ಕಷ್ಟ. ಅದಕ್ಕೆ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ‘ಮಳೆ ಜೋರಿದ್ದರೆ ಜಗಲಿ ಮೇಲೆ 40 ಸುತ್ತು.’ ಈ ಸಾಲು ಇಲ್ಲದಿದ್ದರೆ ಆ ವರ್ಷದ ಮಳೆಗಾಲದಲ್ಲೇ ನಡಿಗೆ ಕೊಚ್ಚಿ ಹೋಗುತ್ತಿತ್ತು.

ಹೀಗೆ ‘ಇದಾದ ಕೂಡಲೇ ಅದು’ ಅಂತ ಮೊದಲೇ ಗೊತ್ತು ಮಾಡಿಕೊಳ್ಳೋದರ ಬಗ್ಗೆ ಪೀಟರ್ ಗೋಲ್ವಿಟ್ಜರ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞರು ತುಂಬಾ ಕೆಲಸ ಮಾಡಿದ್ದಾರೆ. ಬ್ರಿಟನ್ನಿನಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ವ್ಯಾಯಾಮ ಮಾಡ್ತೀನಿ ಅಂತ ಬರೆದವರಲ್ಲಿ ನೂರಕ್ಕೆ 91 ಜನ ಮಾಡಿದರು, ಬರೆಯದವರಲ್ಲಿ 38. ಅದು ಒಂದು ವಾರದ ಲೆಕ್ಕ ಮಾತ್ರ, ಅಷ್ಟಕ್ಕೇ ಜನ್ಮದ ಅಭ್ಯಾಸ ಆಗಿಬಿಡುತ್ತೆ ಅಂತ ನಾನು ಹೇಳೋದಿಲ್ಲ. ಆದರೆ ಶುರು ಮಾಡೋದಕ್ಕಂತೂ ಅದು ನೆರವಾಗುತ್ತೆ.

ಖರ್ಚಿನ ಲೆಕ್ಕಕ್ಕೆ ದಾರಿ ತೋರಿಸಿದ್ದು ಅಪ್ಪನ ದಿನಸಿ ಅಂಗಡಿ. ರಾತ್ರಿ ಬಾಗಿಲು ಎಳೆಯುವ ಮುಂಚೆ ಅವರು ಕಿರ್ದಿ ಬರೆಯುತ್ತಿದ್ದರು. ಕೆಂಪು ಬಟ್ಟೆ ರಟ್ಟಿನ ಪುಸ್ತಕ, ಅದರ ಬೆನ್ನಿಗೆ ದಾರ ಕಟ್ಟಿದ ಪೆನ್ನು. ಜ್ವರ ಬಂದಿದ್ದರೂ ಬರೆದೇ ಬೀಗ ಹಾಕುತ್ತಿದ್ದರು. ನಾನು ಮೊಬೈಲಿನಲ್ಲಿ ಎರಡು ಆ್ಯಪ್ ಹಾಕಿಕೊಂಡು ಎರಡನ್ನೂ ಬಿಟ್ಟಿದ್ದೆ, ಯಾಕಂದರೆ ಲೆಕ್ಕ ಬರೆಯೋಕೆ ಅಂತ ಮೊಬೈಲ್ ತೆಗೆದರೆ ವಾಟ್ಸಾಪಿನಲ್ಲಿ ಅರ್ಧ ಗಂಟೆ ಹೋಗುತ್ತಿತ್ತು. ಈಗ ಚಾರ್ಜರ್ ಇರುವ ಗೂಡಿನಲ್ಲೇ ಸಣ್ಣ ಪುಸ್ತಕ, ಅಪ್ಪನ ಹಾಗೆ ದಾರ ಕಟ್ಟಿದ ಪೆನ್ನು. ಮೊಬೈಲ್ ಚಾರ್ಜಿಗೆ ಹಾಕಿದ ಕೂಡಲೇ ಮೂರು ನಾಲ್ಕು ಸಾಲು. ಹಾಲು 52, ಆಟೋ 40, ಹೀಗೆ.

ಐದು ಗಂಟೆಗೆ ಏಳೋದನ್ನು ಮಾತ್ರ ಬಿಟ್ಟೆ, ಬಿಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ನಾನು ಮಲಗೋದೇ ಹನ್ನೊಂದೂವರೆಗೆ. ನಿದ್ದೆ ಕಡಿಮೆ ಮಾಡಿಕೊಂಡು ಏನು ಸಾಧಿಸಬೇಕು? ಬೆಳಗಿನ ಮೊದಲ ಗಂಟೆ ನಿಮಗಾಗಿ ಇಟ್ಟುಕೊಳ್ಳಿ ಅಂತ ಬರೆಯುವವರು ಆ ಗಂಟೆಯಲ್ಲಿ ಎರಡು ಡಬ್ಬಿ ಕಟ್ಟಬೇಕಾದ ಹೆಂಗಸರನ್ನು ಯೋಚಿಸಿರೋದಿಲ್ಲ. ನನ್ನ ಹೆಂಡತಿ ಓದೋದಕ್ಕೆ ಬೇರೆಯೇ ಹೊತ್ತು ಹುಡುಕಿಕೊಂಡಿದ್ದಾಳೆ. ಕುಕ್ಕರ್ ಇಳಿಸಿ, ಅದರ ಪ್ರೆಷರ್ ಇಳಿಯುವವರೆಗೆ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ನಾಲ್ಕೈದು ಪುಟ ಓದುತ್ತಾಳೆ. ಪುಸ್ತಕ ಇರೋದೇ ಅಕ್ಕಿ ಡಬ್ಬದ ಮೇಲೆ. ಈ ವರ್ಷ ಎರಡು ದಪ್ಪ ಕಾದಂಬರಿ ಹಾಗೇ ಮುಗಿಸಿದಳು.

ಈಗ ನೋಟ್‌ಬುಕ್ಕಿನ ಇನ್ನೊಂದು ಸಾಲು ಹಿಡಿದುಕೊಂಡಿದ್ದೇನೆ. ‘ಹತ್ತಿರದವರಿಗೆ ಸಮಯ ಕೊಡಬೇಕು’ ಅಂತ ಇತ್ತು. ಅದನ್ನು ‘ಭಾನುವಾರ ದೋಸೆ ತಿಂದು ಕೈ ತೊಳೆದ ಕೂಡಲೇ ದೊಡ್ಡಮ್ಮನಿಗೆ ಫೋನು’ ಅಂತ ಮಾಡಿದೆ. ಅವರು ಕೊಪ್ಪದಲ್ಲಿ ಒಬ್ಬರೇ ಇದ್ದಾರೆ. ಐದು ಭಾನುವಾರ ಆಯಿತು, ಮಧ್ಯೆ ಒಂದು ತಪ್ಪಿದೆ. ಮೊನ್ನೆ ದೋಸೆ ಇನ್ನೂ ಕಾವಲಿ ಮೇಲಿರುವಾಗಲೇ ಅವರ ಫೋನು ಬಂತು. “ಏನೋ, ಇನ್ನೂ ತಿಂಡಿ ಆಗಲಿಲ್ವನೋ?”