ಬಾಗಿದ ಗೋಧಿ

ಇಂದು ಮಧ್ಯಾಹ್ನ ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ, ಗೋಧಿ ಹೊಲವೊಂದರಲ್ಲಿ ಪೈರು ನೆಲಕ್ಕೊರಗಿ ಮೂಡಿದ್ದ ವೃತ್ತದೊಳಗೆ ಮೊಣಕಾಲೂರಿ ಕುಳಿತು, ಒಂದು ದಂಟನ್ನು ಬುಡದಿಂದ ತೆನೆಯವರೆಗೆ ಬೆರಳಾಡಿಸಿ ನೋಡಿದೆ. ಇಂಥ ವೃತ್ತಗಳು ಅನ್ಯಗ್ರಹದವರ ಕೆಲಸ, ಅದಕ್ಕೇ ದಂಟು ಮುರಿಯದೆ ಬಾಗಿರುತ್ತದೆ ಎನ್ನುವವರಿದ್ದಾರೆ. ನೆಲದಿಂದ ಎರಡು ಬೆರಳು ಮೇಲೆ ಅದು ಬಾಗಿತ್ತು, ಮುರಿದಿರಲಿಲ್ಲ. ತುದಿಯಂತೂ ಆಗಲೇ ಬಿಸಿಲಿಗೆ ತಲೆ ಎತ್ತತೊಡಗಿತ್ತು. ಹಸಿ ದಂಟಿಗೆ ಅಷ್ಟು ಬಳುಕು ಇದ್ದೇ ಇರುತ್ತದೆ.

ಹಗ್ಗ ಕಟ್ಟಿದ ಹಲಗೆಯನ್ನು ಕಾಲಿನಿಂದ ಒತ್ತುತ್ತಾ ಇಂಥ ವೃತ್ತಗಳನ್ನು ತಾವೇ ಮಾಡುತ್ತಿದ್ದೆವೆಂದು ಡಗ್ ಬವರ್ ಮತ್ತು ಡೇವ್ ಚೋರ್ಲಿ ಎಂಬ ಇಬ್ಬರು ಇಂಗ್ಲಿಷ್ ಗೆಳೆಯರು 1991ರಲ್ಲೇ ಒಪ್ಪಿಕೊಂಡಿದ್ದರು. ಆದರೂ 2001ರಲ್ಲಿ ಇಲ್ಲಿಯ ಮಿಲ್ಕ್ ಹಿಲ್ ಬಳಿ 409 ವೃತ್ತಗಳ ಸುರುಳಿ ಕಾಣಿಸಿಕೊಂಡಾಗ ಅನ್ಯಗ್ರಹದವರ ಮಾತು ನಿಂತಿರಲಿಲ್ಲ.

ಹೆಜ್ಜೆಗುರುತೇ ಇಲ್ಲವಲ್ಲ ಎಂದು ಜೊತೆಗಿದ್ದ ಗೆಳೆಯ ಬೆರಗಾದ. ಪೈರಿನ ನಡುವೆ ಟ್ರ್ಯಾಕ್ಟರ್ ಚಕ್ರ ಹಾಯ್ದು ಉಳಿದ ಸಾಲನ್ನು ತೋರಿಸಿದೆ; ನಾವಿಬ್ಬರೂ ಅದರಲ್ಲೇ ನಡೆದು ಬಂದಿದ್ದೆವು.